ಹುಳಿ ಸೇಬಿನ ಮರ ಮತ್ತು ಬಟ್ಟೆ ಹಗ್ಗ

ಜೇನು ಸಾಕುವವರ ಪಾಡೂ ಮದುವೆ ದಲ್ಲಾಳಿಯ ಪಾಡೂ ಒಂದೇ. ಕಾಯಿ ಕಟ್ಟಿದರೆ ಮರದ ಗುಣ, ಕಟ್ಟದಿದ್ದರೆ ಹುಳದ ತಪ್ಪು. ಅಂಗೈಯಗಲ ಸ್ವಂತ ನೆಲವಿಲ್ಲದ ಜೇನಕ್ಕ ತನ್ನ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದು ತನ್ನ ಅಕ್ಕ-ಭಾವನ ಸೇಬಿನ ತೋಟದಲ್ಲಿ. ಹೋದ ವರ್ಷ ಆ ಮರಗಳು ಮೈತುಂಬ ಹೂ ಬಿಟ್ಟು, ಕಾಯಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವಷ್ಟು ಕಟ್ಟಿದ್ದವು. ಈ ಸಲ ಹೂ ಅರಳುತ್ತಿದ್ದಂತೆ ಭಾವ ಶುರು ಮಾಡಿದ.

"ನೋಡು ಜೇನುರಾಣಿ, ನಿನ್ನ ಹುಳಗಳು ಶುದ್ಧ ಉಂಡಾಡಿಗಳು. ಈ ಸಲಾನೂ ಹಿಂಗೇ ಆದ್ರೆ ಪೆಟ್ಟಿಗೆ ಎತ್ಕೊಂಡು ಬೇರೆ ಜಾಗ ನೋಡ್ಕೋ."

"ಹೂವಿನ ಮೇಲೆ ಕೂತಿರೋದು ಕಾಣ್ತಿಲ್ವಾ ಭಾವ?"

"ಕೂರೋದಕ್ಕೇನು, ನಾನೂ ಕೂರ್ತೀನಿ."

ಆ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಬೇರೆ ಜಾಗ ಎಲ್ಲಿದೆ? ಜೇನಕ್ಕ ಪೆಟ್ಟಿಗೆಗಳ ದಿಕ್ಕು ಬದಲಿಸಿದಳು, ಸಕ್ಕರೆ ನೀರು ಕೊಟ್ಟಳು, ಕೊನೆಗೆ ಹುಳಗಳನ್ನೇ ಬೈದಳು. ಅವು ಕಾಲಿಗೆಲ್ಲ ಪರಾಗ ಮೆತ್ತಿಕೊಂಡು ಇವಳ ಮಾತಿಗೆ ಕ್ಯಾರೇ ಅನ್ನದೆ ಒಳಗೆ ಹೋದವು.

ಅಷ್ಟರಲ್ಲಿ ಅಕ್ಕ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದು ತನ್ನ ಹಳೇ ರಾಗ ತೆಗೆದಳು.

"ಹಗ್ಗ ಕಟ್ಟೋಕಿದ್ದ ಮರಾನೂ ಈ ಮಹಾರಾಯ್ರು ಕಡಿಸಿಬಿಟ್ರು. ಬೇಲಿ ಮೇಲೆ ಹಾಕಿ ಹಾಕಿ ಬಟ್ಟೆಯೆಲ್ಲ ಜರಡಿ ಆಯ್ತು."

"ಯಾವ ಮರ ಅಕ್ಕ?"

"ಎಷ್ಟು ಸಲ ಹೇಳ್ಲಿ? ಹುಳಿ ಸೇಬಿಂದು. ಹೋದ ವರ್ಷ ಹೂ ಬಿಡೋಕೆ ಮುಂಚೇನೇ."

"ಮೂಸಿ ನೋಡೋರಿಲ್ದ ಹಣ್ಣು. ಗೊಬ್ಬರ ತಿನ್ನೋಕೆ ಮಾತ್ರ ಮುಂದು," ಎಂದ ಭಾವ.

ಜೇನಕ್ಕ ಹಣೆ ಚಚ್ಚಿಕೊಂಡಳು. ಉಳಿದ ಮರಗಳೆಲ್ಲ ಒಂದೇ ತಾಯಿಮರದ ಕಸಿ. ಒಂದರ ಪರಾಗ ಇನ್ನೊಂದಕ್ಕೆ ಆಗಿಬರುವುದಿಲ್ಲ. ಇಷ್ಟು ವರ್ಷ ತೋಟದಲ್ಲಿ ಕಾಯಿ ಕಟ್ಟಿಸಿದ್ದು ಆ ಹುಳಿ ಸೇಬಿನ ಪರಾಗ.

"ಗಂಡನ್ನೇ ಕಡಿದು ಹಾಕಿ ದಲ್ಲಾಳೀನ ಬೈತೀರಲ್ಲ ಭಾವ."

ಅಕ್ಕ ವರ್ಷವಿಡೀ ಕೊರೆದದ್ದನ್ನು ತಾನೂ ಕಿವಿಗೆ ಹಾಕಿಕೊಂಡಿರಲಿಲ್ಲವಲ್ಲ ಎಂಬ ಉರಿ ಬೇರೆ.

ಸೇತುವೆಯಾಚೆಯ ದರ್ಜಿಯ ಹಿತ್ತಲಲ್ಲಿ ಹುಳಿ ಸೇಬು ಹೂ ಬಿಟ್ಟಿತ್ತು. ಜೇನಕ್ಕ ಅವನನ್ನು ಕಾಡಿ ಬೇಡಿ, ಹೂವಿನ ಕೊಂಬೆಗಳನ್ನು ಕಡಿದು ತಂದಳು. ಮನೆಯಲ್ಲಿದ್ದ ಬಕೆಟ್‌ಗಳಿಗೆಲ್ಲ ನೀರು ತುಂಬಿ, ಕೊಂಬೆ ನಿಲ್ಲಿಸಿ, ಮರಗಳ ಸಾಲುಗಳ ನಡುವೆ ಇಟ್ಟಳು. ಸ್ನಾನಕ್ಕೆ ಹೋಗಿದ್ದ ಭಾವ ಟವೆಲ್ ಸುತ್ತಿಕೊಂಡು ತೋಟಕ್ಕೇ ಬಂದ.

"ನನ್ನ ಬಕೆಟ್ ಎಲ್ಲಿ?"

"ಮದುವೆ ಮನೇಲಿದೆ. ಎಸಳು ಉದುರೋವರೆಗೂ ಕೇಳ್ಬೇಡಿ."

ಎಸಳು ಉದುರಿದವು. ಬಕೆಟ್ ಇಟ್ಟಲ್ಲೆಲ್ಲ ಅಕ್ಕಪಕ್ಕದ ಮರಗಳಲ್ಲಿ ಕಾಯಿ ಗೊಂಚಲು ಗೊಂಚಲು; ದೂರದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಭಾವ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಒಂದು ಸುತ್ತು ಹಾಕಿ ಬಂದ.

"ಗದರಿಸಿದ್ದು ಒಳ್ಳೇದಾಯ್ತು. ಹುಳಗಳು ಬುದ್ಧಿ ಕಲಿತವು."

ಪೆಟ್ಟಿಗೆ ಎತ್ತುವ ಮಾತನ್ನಂತೂ ಅವನು ಮತ್ತೆ ಎತ್ತಲಿಲ್ಲ. ಮಳೆ ಬಿದ್ದ ಮೇಲೆ ಹುಳಿ ಸೇಬಿನ ಸಸಿಯೊಂದನ್ನು ತಂದು ತಾನೇ ತೋಟದ ನಡುವೆ ನೆಟ್ಟ. ಯಾಕೆಂದು ಕೇಳಿದರೆ, "ನಿಮ್ಮಕ್ಕನ ಬಟ್ಟೆ ಹಗ್ಗಕ್ಕೆ," ಎಂದ.

ಸಸಿ ಇನ್ನೂ ಕಿರುಬೆರಳ ಗಾತ್ರ. ಅಕ್ಕ ಆಗಲೇ ಹಗ್ಗ ಹಿಡಿದು ಅದರತ್ತ ಹೊರಟಿದ್ದಳು. ಜೇನಕ್ಕ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿದಳು.