ಆಸಿಡ್‌ಗೆ ಸುಣ್ಣ

ಕಳೆದ ವಾರ ಹೆಡತಲೆ ಅನ್ನುವ ಊರಿನಲ್ಲಿ ಒಂದು ಹೊಸ ಮನೆಯ ಕೆಲಸ ಮುಗಿಸುತ್ತಿದ್ದೆವು. ನನ್ನ ಬಾಮೈದ ಆಸಿಡ್ ಕ್ಯಾನಿನ ಮುಚ್ಚಳ ಸಡಿಲಿಸಿದ್ದೇ ತಡ, ಆ ಘಾಟು ಮೂಗಿಗೆ ಹೊಡೆಯಿತು. ಒಗ್ಗರಣೆ ಘಾಟಿನ ಹಾಗೆ ನಾಲ್ಕು ಸಲ ಕೆಮ್ಮಿಸಿ ಬಿಟ್ಟುಬಿಡುವಂಥದ್ದಲ್ಲ ಅದು, ಗಂಟಲಿಗಿಳಿದು ಅಲ್ಲೇ ಕೂರುತ್ತದೆ. ಮುಖ ಆ ಕಡೆ ತಿರುಗಿಸಿಕೊಂಡೆ. ಎಡಗೆನ್ನೆ ತಾನಾಗಿಯೇ ಬಿಗಿದುಕೊಂಡಿತು. ನಮ್ಮ ಶಾಲೆಯ ಮೇಡಂ ನೆನಪಾದರು. ಈ ಘಾಟು ಬಂದಾಗಲೆಲ್ಲ ಅವರು ಬರುತ್ತಾರೆ, ನಾನು ಕರೆಯಬೇಕಾಗಿಲ್ಲ.

ನನ್ನದು ಟೈಲ್ಸ್ ಕೆಲಸ. ನೆಲಕ್ಕೆ ಟೈಲ್ಸ್ ಕೂರಿಸಿ ಸಂದಿಗೆ ಬಿಳಿ ಸಿಮೆಂಟ್ ತುಂಬಿದ ಮೇಲೆ, ಮೇಲೆಲ್ಲ ಮಬ್ಬು ಮಬ್ಬಾಗಿ ಕಲೆ ಉಳಿಯುತ್ತದೆ. ಅದನ್ನು ತೆಗೆಯುವುದಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಆಸಿಡ್ ತಂದು, ನೀರಿಗೆ ಬೆರೆಸಿ, ಚೆಲ್ಲಿ, ಉಜ್ಜಿ ತೊಳೆಯುತ್ತೇವೆ. ಹೀಗೆ ನೀರಿಗೆ ಬೆರೆಸಿದ್ದಕ್ಕೆ ಶಾಲೆಯಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಅನ್ನುತ್ತಿದ್ದರು. ಅಬ್ಬಬ್ಬಾ, ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಟೈಲ್ ಕೂರಿಸಬಹುದು! ಹೆಸರು ಕಲಿಸಿದವರೂ ಮೇಡಮ್ಮೇ.

ತಿರುಮಕೂಡಲು ನರಸೀಪುರದ ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಹೇಳುತ್ತಿದ್ದರು. ಆಳು ಕುಳ್ಳಿ, ದನಿ ಮಾತ್ರ ನದಿಯ ಆಚೆ ದಡಕ್ಕೆ ಕೇಳಿಸುವಂಥದ್ದು. ಒಂದೇ ಬೆಂಚಿನಲ್ಲಿ ನಾನೂ ನನ್ನ ಬಾಮೈದನೂ ಕೂರುತ್ತಿದ್ದೆವು. ಆಗ ಅವನು ಬಾಮೈದ ಅಲ್ಲ, ಬರೀ ಗೆಳೆಯ. ಮುಂದೆ ಅವನ ಅಕ್ಕನನ್ನು ನಾನು ಮದುವೆಯಾದ ಮೇಲೆ ಭಾವ ಅಂತ ಕರೆಯುವುದಕ್ಕೆ ಶುರುಮಾಡಿದ, ಇವತ್ತಿನವರೆಗೂ ಜೊತೆಯಲ್ಲೇ ಕೆಲಸ ಮಾಡುತ್ತೇವೆ. ನಮ್ಮ ಶಾಲೆಯ ಪ್ರಯೋಗಾಲಯ ಅಂದರೆ ಒಂದು ಬೀರು, ಅದರ ಬೀಗದ ಕೈ ಮೇಡಂ ಸೆರಗಿನಲ್ಲಿ. ಸಾರರಿಕ್ತ ಅನ್ನುವ ಪದ ಬೋರ್ಡಿನ ಮೇಲೆ ಬರೆದು ನಮ್ಮ ಕಡೆ ತಿರುಗಿ, "ಹೆಸರು ನೋಡಿ ತಿಳಿಸಾರು ಅಂದ್ಕೋಬೇಡ್ರೋ, ಬಟ್ಟೆ ಮೇಲೆ ಬಿದ್ರೆ ಇವತ್ತೇನೂ ಕಾಣಲ್ಲ, ನಾಳೆ ಒಗೆಯೋವಾಗ ನಿಮ್ಮಮ್ಮನ ಬೆರಳು ತೂತೊಳಗೆ ಹೋಗುತ್ತೆ" ಅಂದಿದ್ದರು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹುಯ್ಯಬಾರದು ಅನ್ನುವುದನ್ನಂತೂ ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಿದ್ದರು.

ಒಂದು ದಿನ ಗಾಜಿನ ಲೋಟದಲ್ಲಿ ಸುಣ್ಣದ ತಿಳಿ ತಂದರು. ಅದಕ್ಕೆ ಎರಡು ಹನಿ ಏನೋ ಬಿಟ್ಟರು, ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತು. ಆಮೇಲೆ ಹನಿ ಹನಿ ಆಸಿಡ್ ಬಿಡುತ್ತಾ ಹೋದರು. ಇದ್ದಕ್ಕಿದ್ದ ಹಾಗೆ ಬಣ್ಣವೇ ಮಾಯ! ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಏನು ಸಿಗುತ್ತದೆ ಅಂತ ಕೇಳಿದರು. ಬುದ್ಧಿವಂತರೆಲ್ಲ ತಲೆ ಬಗ್ಗಿಸಿಕೊಂಡರು. ನನ್ನ ಬಾಮೈದ, ಯಾವ ಪ್ರಶ್ನೆ ಕೇಳಿದರೂ ಬೆಂಚಿನ ಮೇಲೆ ನಿಲ್ಲುವುದೇ ಉತ್ತರ ಅಂದುಕೊಂಡಿದ್ದವನು, ಅವತ್ತು ಎದ್ದು ನಿಂತು, "ಲವಣ ಮತ್ತು ನೀರು ಮೇಡಂ" ಅಂದುಬಿಟ್ಟ.

"ಭೇಷ್! ಸರಿಯಾಗಿ ಹೇಳ್ದೆ!" ಅಂದರು ಮೇಡಂ. ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದರು. ಖುಷಿಯಲ್ಲಿ ಒಂದು ಉದಾಹರಣೆಯನ್ನೂ ಕೊಟ್ಟರು. ಜೇನು ಕಚ್ಚಿದರೆ ನಿಮ್ಮಜ್ಜಿ ಏನು ಹಚ್ಚುತ್ತಾರೆ ಅಂತ ಕೇಳಿದರು. "ಸುಣ್ಣಾ" ಅಂತ ಎಲ್ಲರೂ ಕೂಗಿದೆವು. ಅದೇ ಕಣ್ರೋ ಇದು, ನಿಮ್ಮಜ್ಜಿಗೂ ವಿಜ್ಞಾನ ಗೊತ್ತು ಅಂದರು. ಬಾಮೈದ ಆಮೇಲೆ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದ, ಅದು ಬೇರೆ ಮಾತು. ಆ ಒಂದು ವಾಕ್ಯ ಮಾತ್ರ ಅವನ ಬಾಯಲ್ಲಿ ಉಳಿದುಹೋಯಿತು. ನಾವು ಟೈಲ್ಸ್ ಕೆಲಸಕ್ಕೆ ಇಳಿದ ಮೇಲೂ ಆಸಿಡ್ ಕ್ಯಾನು ಕಂಡಾಗಲೆಲ್ಲ ಲವಣ ಮತ್ತು ನೀರು ಅಂತ ಹೇಳಿಯೇ ಮುಟ್ಟುತ್ತಿದ್ದ. ಶುರುವಾಯ್ತಪ್ಪ ಇವನ ಮಂತ್ರ ಅಂತ ನಾನು ರೇಗಿಸುತ್ತಿದ್ದೆ.

ಮೇಡಂ ರಿಟೈರ್ ಆದ ಮೇಲೆ ನಂಜನಗೂಡಿನಲ್ಲಿ ಮನೆ ಕಟ್ಟಿಸಿದರು. ಒಂಟಿ ಜೀವ, ಅಕ್ಕ ತಂಗಿಯರ ಮಕ್ಕಳೇ ಅವರಿಗೆ ಎಲ್ಲ. ನೆಲದ ಕೆಲಸಕ್ಕೆ ನಮ್ಮಿಬ್ಬರನ್ನೇ ಹುಡುಕಿ ಕರೆಸಿದರು. ಕೆಲಸ ನಡೆದಷ್ಟು ದಿನವೂ ಅವರದ್ದೇ ಕಾಫಿ, ಅವರದ್ದೇ ಬೈಗುಳ. ಕೆನ್ನೆಯನ್ನು ನೆಲಕ್ಕೆ ಇಟ್ಟು ಒಂದು ಕಣ್ಣು ಮುಚ್ಚಿ ಮಟ್ಟ ನೋಡೋರು. ಬಾಮೈದ ಎಲೆ ಅಡಿಕೆ ಹಾಕುತ್ತಿದ್ದ, ಜೇಬಿನಲ್ಲಿ ಯಾವಾಗಲೂ ಸುಣ್ಣದ ಡಬ್ಬಿ. ಹೊಸ ಗೋಡೆಗೆ ಉಗಿದೆಯೋ ಜೋಕೆ ಅಂತ ಅವನನ್ನು ಗದರಿಸುತ್ತಲೇ, ಇವನು ನನ್ನ ‘ಲವಣ ಮತ್ತು ನೀರು’ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. ಅವನು ನಾಚಿಕೊಂಡು ಹಲ್ಲು ಕಿರಿಯುತ್ತಿದ್ದ. ಅಷ್ಟು ದೊಡ್ಡ ಗಂಡಸು ಹಾಗೆ ನಾಚಿಕೊಳ್ಳುವುದು ನೋಡುವುದಕ್ಕೇ ಒಂದು ಮಜವಾಗಿತ್ತು...

ನಾಳೆ ಗೃಹಪ್ರವೇಶ ಅನ್ನುವ ದಿನ. ಆಸಿಡ್ ಹಾಕಿ ತೊಳೆಯುವುದೊಂದು ಬಾಕಿ. ಬೆಳಿಗ್ಗೆಯೇ ಮೇಡಂ, ಕಣ್ಣಿಗೆ ಕನ್ನಡಕ ಎಲ್ರೋ, ಕೈಗೆ ಗ್ಲೌಸ್ ಎಲ್ರೋ ಅಂತ ಕೇಳಿದ್ದರು. ನಮಗೆಲ್ಲ ಅಭ್ಯಾಸ ಬಿಡಿ ಮೇಡಂ ಅಂತ ಮೂಗಿಗೊಂದು ಟವೆಲ್ ಕಟ್ಟಿಕೊಂಡೆವು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದರೇ? ಆಸಿಡ್ ಕ್ಯಾನು ಬೆಳಗ್ಗಿನಿಂದ ತಾರಸಿಯ ಮೇಲೆ ಬಿಸಿಲಿನಲ್ಲಿ ಕೂತಿತ್ತು. ಒಳಗೆಲ್ಲ ಗ್ಯಾಸು ತುಂಬಿಕೊಂಡಿರುತ್ತದೆ ಅಂತ ಯಾರಿಗೆ ಹೊಳೆಯಬೇಕು! ವರಾಂಡಕ್ಕೆ ತಂದು ಮಂಡಿ ಮಧ್ಯ ಇಟ್ಟುಕೊಂಡು ಬಗ್ಗಿ ಮುಚ್ಚಳ ತಿರುಗಿಸಿದೆ. ಬುಸ್ ಅಂತ ಎಡಗೆನ್ನೆಗೆ, ಕಣ್ಣಿಗೆ ಎರಚಿತು.

ಉರಿ ಅಂದರೆ ಅದು ಉರಿ. ಕಣ್ಣು ಬಿಡುವುದಕ್ಕಾಗದೆ ಅಲ್ಲೇ ಕುಕ್ಕರಿಸಿದೆ. ಬಾಮೈದ ಓಡಿಬಂದ. ಅವನ ದನಿಯಲ್ಲಿ ಗಾಬರಿ ಇತ್ತು, ಆದರೆ ಏನು ಮಾಡಬೇಕು ಅನ್ನುವುದರಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ. "ಕದಲಬ್ಯಾಡ ಕಣ್ ಭಾವ! ಆಸಿಡ್‌ಗೆ ಸುಣ್ಣ! ಮೇಡಂ ಯೋಳ್ಕೊಟ್ಟಿಲ್ವಾ, ಲವಣ ಮತ್ತು ನೀರು!" ಜೇಬಿನಿಂದ ಡಬ್ಬಿ ತೆಗೆದು ಬೆರಳ ತುಂಬ ಸುಣ್ಣ ಬಳಿದುಕೊಂಡು ನನ್ನ ಕೆನ್ನೆಗೆ ಮೆತ್ತಿದ. ಇನ್ನೊಂದು ಬೆರಳು ತುಂಬಿಕೊಂಡು ನನ್ನ ಕಣ್ಣ ರೆಪ್ಪೆ ಬಿಡಿಸುವುದಕ್ಕೆ ಹೊರಟ.

ಒಳಗಿದ್ದ ಮೇಡಂಗೆ ಅವನ ಕೂಗು ಕೇಳಿಸಿತು. ಅದು ಅವರದೇ ಪಾಠ, ಅವರದೇ ಮಾತು. ಹೇಗೆ ಓಡಿಬಂದರೋ ಕಾಣೆ, ಅವನ ಕೈಮೇಲೆ ಒಂದು ಏಟು ಬಿತ್ತು, ಡಬ್ಬಿ ಹಾರಿ ಎಲ್ಲೋ ಉರುಳಿಕೊಂಡು ಹೋದ ಸದ್ದು ಕೇಳಿಸಿತು. ನನ್ನ ಕತ್ತು ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಅಡುಗೆಯವರಿಗೆ ಅಂತ ಡ್ರಮ್ಮುಗಳಲ್ಲಿ ನೀರು ತುಂಬಿಸಿಟ್ಟಿದ್ದರು. ಎಡಗೈ ಬೆರಳಿನಿಂದ ನನ್ನ ರೆಪ್ಪೆ ಅಗಲಿಸಿ ಹಿಡಿದು, ಚೊಂಬಿನ ಮೇಲೆ ಚೊಂಬು, ಚೊಂಬಿನ ಮೇಲೆ ಚೊಂಬು ಹುಯ್ದರು. ಕೆನ್ನೆಯ ಸುಣ್ಣ ಹೋಯಿತು, ಅಂಗಿಯನ್ನೂ ಬಿಚ್ಚಿ ಎಸೆದರು. ಉರಿ ಸ್ವಲ್ಪ ತಗ್ಗಿದ ಮೇಲೆ ನಾನು ಸಾಕು ಮೇಡಂ ಅಂದೆ.

"ಸಾಕು ಅನ್ನಕ್ಕೆ ನೀನ್ಯಾರೋ? ಬಗ್ಗು!"

ನಾಳೆಯ ಅಡುಗೆಗೆ ನೀರು ಅಂತ ಯಾರೋ ನೆಂಟರು ರಾಗ ಎಳೆದರು. ನಾಳೆ ಊಟ ಇಲ್ಲದಿದ್ದರೆ ಸಾಯಲ್ಲ ಅಂದರು ಮೇಡಂ. ಒಂದು ಡ್ರಮ್ಮು ಖಾಲಿಯಾಯಿತು, ಪಕ್ಕದ ಮನೆಯಿಂದ ಪೈಪು ಬಂತು. ಹುಯ್ದರು, ಹುಯ್ದರು, ನನಗೆ ಚಳಿಯಿಂದ ಹಲ್ಲು ಕಟಕಟ ಅನ್ನುವವರೆಗೂ ಬಿಡಲಿಲ್ಲ. ಅಲ್ಲಿಂದ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಬಾಮೈದ ಮುಂದೆ ಡ್ರೈವರ್ ಪಕ್ಕ ಕೂತಿದ್ದ.

ಡಾಕ್ಟರು ದೀಪ ಹಾಕಿ ನೋಡಿ ಕಣ್ಣಿಗೇನೂ ಆಗಿಲ್ಲ ಅಂದರು. ಅಲ್ಲೇ ತಕ್ಷಣ ಅಷ್ಟು ನೀರು ಹಾಕಿದ್ದಕ್ಕೆ ಉಳಿಯಿತು ಅಂದರು. ಆದರೆ ಕೆನ್ನೆ ನೋಡಿ ಅವರ ಮುಖ ಗಂಟಾಯಿತು. ಬರೀ ಆಸಿಡ್ ಬಿದ್ದ ಕಡೆ ಕೆಂಪಗಾಗಿತ್ತು ಅಷ್ಟೆ, ಸುಣ್ಣ ಮೆತ್ತಿದ ಕಡೆ ಬೆಂದುಹೋಗಿತ್ತು. ಸುಣ್ಣವೂ ಸುಡುತ್ತದೆ, ಎರಡೂ ಸೇರಿ ಬಿಸಿಯೂ ಏಳುತ್ತದೆ, ಇದೇ ಸುಣ್ಣ ಕಣ್ಣಿನೊಳಗೆ ಹೋಗಿದ್ದರೆ ಯಾರೂ ಏನೂ ಮಾಡೋಕಾಗ್ತಿರಲಿಲ್ಲ ಅಂದರು. ಆಮೇಲೆ ಸಿಟ್ಟಿನಲ್ಲಿ ತಲೆಯೆತ್ತಿ, "ಯಾರ್ರೀ ಇದಕ್ಕೆ ಸುಣ್ಣ ಹಚ್ಚಿದ್ದು?" ಅಂತ ಕೇಳಿದರು.

ಬಾಮೈದ ಬಾಗಿಲ ಹತ್ತಿರ ನಿಂತಿದ್ದ. ಅವನು ಬಾಯಿ ತೆಗೆಯುವುದರೊಳಗೆ ಮೇಡಂ ಅಂದರು: "ನಾನು."

ಓದಿದವರ ಹಾಗೆ ಕಾಣುತ್ತೀರಿ, ಇಷ್ಟೂ ಗೊತ್ತಾಗಲ್ವಾ ಅಂತ ಡಾಕ್ಟರು ಬೈದರು. ಮೇಡಂ ತಲೆ ತಗ್ಗಿಸಿಕೊಂಡು ಬೈಸಿಕೊಂಡರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒದ್ದೆ ಸೀರೆಯಲ್ಲಿ ಹಾಗೆ ನಿಂತಿದ್ದವರನ್ನು ನೋಡಿ ನನಗೆ ಅಳು ಬಂತು, ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಬಾಗಿಲ ಹತ್ತಿರ ಬಾಮೈದ ಇರಲಿಲ್ಲ.

ಗೃಹಪ್ರವೇಶಕ್ಕೂ ಅವನು ಬರಲಿಲ್ಲ. ಕೆನ್ನೆಗೆ ಪಟ್ಟಿ ಕಟ್ಟಿಕೊಂಡು ನಾನು ಹೋಗಿದ್ದೆ. ಹೋಮದ ಹೊಗೆಯ ಮಧ್ಯೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಜೇನಿಗೆ ಸುಣ್ಣ ಅಂತ ಹೇಳೋವಾಗ ಆಸಿಡ್ ಬಿದ್ದ ಮೈಗೆ ನೀರು ಬಿಟ್ಟು ಬೇರೇನೂ ಬೇಡ ಅಂತ ಒಂದು ಮಾತು ಸೇರಿಸಲಿಲ್ಲ ಕಣೋ ನಾನು ಅಂದರು. ಲೋಟದೊಳಗಿನ ಲೆಕ್ಕ ಬೇರೆ, ಮೈ ಚರ್ಮದ ಲೆಕ್ಕ ಬೇರೆ. ಅಷ್ಟೂ ವರ್ಷ ಅದೇ ಅರ್ಧ ಪಾಠ ಮಾಡಿಬಿಟ್ಟೆ, ಎಷ್ಟು ಮನೇಲಿ ಹೋಗಿ ಕೂತಿದ್ಯೋ ಅಂದರು. ಆಮೇಲೆ, "ಅವನನ್ನ ಕರ್ಕೊಂಡ್ ಬಾ. ಅವನು ಹೇಳಿದ್ದು ಸರಿ, ನಾನು ಕಲಿಸಿದ್ದು ಸಾಲಲಿಲ್ಲ ಅಂತ ನಾನೇ ಹೇಳಬೇಕು" ಅಂದರು.

ಅಲ್ಲಿಂದ ಶುರುವಾಯಿತು ನೋಡಿ ಮೇಡಂ ಅವತಾರ. ಹಳೆಯ ವಿದ್ಯಾರ್ಥಿ ಎಲ್ಲಿ ಕಂಡರೂ ಸರಿ, ಬಸ್ಸಿನಲ್ಲಿ, ಬನ್ನೂರಿನ ಸಂತೆಯಲ್ಲಿ, ಮದುವೆ ಪಂಕ್ತಿಯಲ್ಲಿ, ಹಿಡಿದು ನಿಲ್ಲಿಸಿ, ಮೈಮೇಲೆ ಆಸಿಡ್ ಬಿದ್ದರೆ ಏನು ಹಾಕ್ತೀಯ ಅಂತ ಕೇಳುವುದು! ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಒಬ್ಬ ಅಡಿಗೆ ಸೋಡ ಅಂದಿದ್ದಕ್ಕೆ, ಅವರ ಸ್ಟಾಪ್ ದಾಟಿದರೂ ಇಳಿಯದೆ ಪಾಠ ಮಾಡಿದರಂತೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡಬೇಡಿ, ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಿದರೆ ವಿಷದ ಗಾಳಿ ಏಳುತ್ತೆ, ಬಾಗಿಲು ಹಾಕ್ಕೊಂಡು ತೊಳೀಬೇಡಿ ಅಂತ ತಮ್ಮ ಬೀದಿಯ ಹೆಂಗಸರನ್ನೂ ಬಿಡಲಿಲ್ಲ. ಮೇಡಮ್ಮೋರ್ಗೆ ಏನೋ ಆಗ್ಯದೆ ಅಂತ ಜನ ನಕ್ಕರು. ನಕ್ಕವರಿಗೆ ಏನು ಗೊತ್ತು? ಅವರು ಕೊಟ್ಟ ಪಾಠವನ್ನು ಮನೆ ಮನೆಯಿಂದ ವಾಪಸ್ ತರುವುದಕ್ಕೆ ಹೊರಟಿದ್ದರು, ಪಾಪ.

ಊರಿಗೆಲ್ಲ ಹೇಳಿದರು, ಹೇಳಬೇಕಾದ ಒಬ್ಬ ಮಾತ್ರ ಕೈಗೆ ಸಿಗಲಿಲ್ಲ. ಅವರು ಕಂಡಾಗಲೆಲ್ಲ ಎಲ್ಲೋ ಅವನು ಅಂತ ಕೇಳುವರು. ನಾನು ಬಂದು ಅವನಿಗೆ ಹೇಳುವೆ. "ಬತ್ತೀನಿ ಕಣ್ ಭಾವ" ಅನ್ನುವನು, ಅವತ್ತೇ ತಾಂಡ್ಯದಲ್ಲೋ ಬನ್ನೂರಲ್ಲೋ ಅವನಿಗೆ ಕೆಲಸ ಹುಟ್ಟಿಕೊಳ್ಳುವುದು. ಮೇಡಂ ಹೇಳಿಕಳಿಸಿದ ಮಾತನ್ನೂ ಒಪ್ಪಿಸಿ ನೋಡಿದೆ. ನೀನು ಸಮಾಧಾನಕ್ಕೆ ಕಟ್ಟಿ ಹೇಳ್ತಿದ್ದೀಯ ಅಂದುಬಿಟ್ಟ. ಒಂದು ಸಲ ಬೈಕಿನಲ್ಲಿ ಅವರ ಬೀದಿಯ ತುದಿವರೆಗೂ ಎಳೆದುಕೊಂಡು ಹೋದೆ. ಟೀ ಅಂಗಡಿ ಹತ್ತಿರ ಇಳಿದು, ನೀನು ನಡೆ, ಬಾಯಿ ಮುಕ್ಕಳಿಸಿ ಬತ್ತೀನಿ ಅಂದವನು ಬಸ್ಸು ಹತ್ತಿ ಹೋಗಿಯೇಬಿಟ್ಟ. ಮೇಡಂ ಎರಡು ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿ, ಗೇಟಿನ ಹತ್ತಿರ ಬಂದು ನಿಂತಿದ್ದರು. ನನ್ನೊಬ್ಬನನ್ನೇ ನೋಡಿ ಬರ್ತಾನೆ ಬಿಡು ಅಂದರು. ಅವನ ಪಾಲಿನ ಉಪ್ಪಿಟ್ಟಿಗೆ ತಟ್ಟೆ ಮುಚ್ಚಿಟ್ಟರು.

ಈ ಮಳೆಗಾಲದಲ್ಲಿ ಮೇಡಂ ಹೋಗಿಬಿಟ್ಟರು. ನಾಲ್ಕು ದಿನ ಜ್ವರ ಅಂತ ಮಲಗಿದವರು ಏಳಲಿಲ್ಲ. ಬಾಮೈದನಿಗೆ ಫೋನ್ ಮಾಡಿದೆ. ಹೂಂ ಅಂದ, ಇಟ್ಟ. ಮಣ್ಣಿಗೂ ಬರಲಿಲ್ಲ. ನನಗೆ ಬಂದ ಕೋಪಕ್ಕೆ ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸಿಬಿಡುತ್ತಿದ್ದೆನೋ ಏನೋ. ಆಮೇಲೆ ಜೊತೆಯಲ್ಲೇ ಕೆಲಸ ಮಾಡಿದರೂ, ಅಳತೆ ಹೇಳುವುದು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ.

ಕಳೆದ ವಾರ ಹೆಡತಲೆಯಲ್ಲಿ ಆಸಿಡ್ ಬೆರೆಸಿದವನೂ ಅವನೇ. ಕಣ್ಣಿಗೆ ಕನ್ನಡಕ, ಮೊಣಕೈವರೆಗೆ ಗ್ಲೌಸು, ಕಿಟಕಿ ಬಾಗಿಲೆಲ್ಲ ತೆರೆದು, ಪಕ್ಕದಲ್ಲಿ ಒಂದು ಡ್ರಮ್ ನೀರು ತುಂಬಿಸಿಕೊಂಡೇ ಅವನು ಕ್ಯಾನು ಮುಟ್ಟುವುದು. ಮಂತ್ರ ಬಿಟ್ಟು ಸುಮಾರು ವರ್ಷ ಆಯಿತು. ನೆಲಕ್ಕೆ ಚೆಲ್ಲಿ ಇಬ್ಬರೂ ಉಜ್ಜುತ್ತಿದ್ದೆವು. ನೊರೆ ಸುಯ್ ಅನ್ನುತ್ತಿತ್ತು. ಅವನು ಬ್ರಷ್ಷು ನಿಲ್ಲಿಸಿದ.

"ಅವತ್ತು ಡಾಕ್ಟ್ರು ಕೇಳ್ದಾಗ ಮೇಡಂ ‘ನಾನು’ ಅಂದ್ಬುಟ್ರಲ್ಲ ಭಾವ... ಅದು ನಾನ್ ಯೋಳ್ಬೇಕಾಗಿದ್ದ ಮಾತು. ಅವ್ರ ಮನೆಗೋಗಿ, ಅವ್ರ ಮುಂದೆ ನಿಂತ್ಕಂಡು ಯೋಳ್ಬೇಕು ಅಂತಾನೆ ಇದ್ದೆ. ಬಾಯಿಗೇ ಬರ್ನಿಲ್ಲ."

ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ. ನನ್ನ ಮುಂದೆ ಹೇಳಿದೆಯಲ್ಲ, ಸರಿ ಬಿಡೋ ಅಂದೆ.

ಅವನು ಕನ್ನಡಕ ತೆಗೆದು ತೋಳಿನಿಂದ ಕಣ್ಣೊರೆಸಿಕೊಂಡ. "ನೀನ್ ಸರಿ ಅಂದ್ರೆ ಆಯ್ತದಾ ಭಾವ? ನನ್ ಜನ್ಮದಲ್ಲಿ ನಂಗೆ ಸರಿ ಅಂತ ಅಂದೋರು ಅವ್ರೊಬ್ರೆಯಾ."