ಸಿಸ್ಟರ್ ನುಡಿಸದ ಅರ್ಧ ಗಂಟೆ

ಅವರ ಬಲಗೈಯ ಕಿರುಬೆರಳು ಗಿಟಾರಿನ ಹಲಗೆಯ ಮೇಲೆ ಊರಿಕೊಂಡೇ ಇರುತ್ತಿತ್ತು. ಉಳಿದ ಬೆರಳುಗಳು ತಂತಿ ಮೀಟುವಾಗಲೂ ಅದೊಂದು ಅಲುಗುತ್ತಿರಲಿಲ್ಲ. ದಣಿದವರು ಗೋಡೆಗೆ ಕೈಕೊಟ್ಟು ನಿಂತ ಹಾಗೆ. ಆ ಜಾಗದಲ್ಲಿ ಬಣ್ಣ ಹೋಗಿ ಹುಣಸೆಬೀಜದಷ್ಟು ತಗ್ಗು ಬಿದ್ದಿತ್ತು. ಉಗುರುಗಳನ್ನು ಬುಡದವರೆಗೆ ಕತ್ತರಿಸಿರುತ್ತಿದ್ದರು. ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ನಿಂತ ನರ್ಸಿಗೆ ಅದು ಅಭ್ಯಾಸ ಎಂದುಕೊಂಡಿದ್ದೆ. ಅಂಥ ಹಳೆಯ ಗಿಟಾರನ್ನು ಬೆರಳ ತುದಿಯ ಮಾಂಸದಿಂದಲೇ ನುಡಿಸಬೇಕು, ಉಗುರು ತಾಗಬಾರದು ಎಂಬುದು ಆಮೇಲೆ ತಿಳಿಯಿತು.

ಮಿರಜಿನಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ವಿಜಾಪುರ ಕಡೆಯ ಕ್ರೈಸ್ತರು. ನಿವೃತ್ತರಾದ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಗಿಟಾರನ್ನು ಕೊಟ್ಟದ್ದು, ಕಲಿಸಿದ್ದು ಆಸ್ಪತ್ರೆಯಲ್ಲಿದ್ದ ಒಬ್ಬ ವಿದೇಶಿ ಡಾಕ್ಟರ ಹೆಂಡತಿ. ಆಕೆಯ ಅಜ್ಜಿಯ ಅಜ್ಜಿಯ ಕಾಲದ್ದಂತೆ. ಈಗಿನ ಗಿಟಾರಿಗಿಂತ ಚಿಕ್ಕದು, ಸೊಂಟ ಸಣ್ಣದು, ಎತ್ತಿದರೆ ಖಾಲಿ ಮೊರದಷ್ಟು ಹಗುರ. ಜೊತೆಗೆ ಒಂದು ಕಟ್ಟು ಸ್ವರಲಿಪಿ: ಆ ಗಿಟಾರು ಹೊಸದಾಗಿದ್ದಾಗ ವಿಯೆನ್ನಾ, ಪ್ಯಾರಿಸ್ ಕಡೆಯ ಮಾಸ್ತರರು ಬರೆದ ಸಣ್ಣ ಸಣ್ಣ ರಚನೆಗಳು.

ನಾನು ಹೋದದ್ದು ಇದಾವುದಕ್ಕೂ ಅಲ್ಲ. ಆಗಷ್ಟೇ ಕೇಬಲ್ ಟಿವಿ ಬಂದಿತ್ತು, ಅದರಲ್ಲಿ ಯಾರನ್ನು ನೋಡಿದರೂ ಹೆಗಲಲ್ಲಿ ಗಿಟಾರು. ಸಾಂಗಲಿಯ ಅರಿಶಿನ ಪೇಟೆಯಲ್ಲಿ ನಮ್ಮ ಅಡತಿ ಅಂಗಡಿ, ದಲ್ಲಾಳಿ ವ್ಯಾಪಾರ. ನನಗೆ ಇಪ್ಪತ್ತನಾಲ್ಕು, ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದರು. ನನ್ನ ಮುಖಕ್ಕೆ ಏನಾದರೂ ಒತ್ತಾಸೆ ಬೇಕು ಎಂಬ ಚಿಂತೆ ನನಗೆ.

ಮೊದಲ ದಿನ "ಉಗುರು ಕತ್ತರಿಸ್ಕೊಂಡು ಬಾ" ಎಂದು ವಾಪಸು ಕಳಿಸಿದರು. ಎರಡನೆಯ ದಿನ ತಂತಿ ಮುಟ್ಟಿ ಕೇಳಿದೆ.

"ಇದು ಎಲ್ಲೀ ನೈಲಾನ್ರಿ ಸಿಸ್ಟರ್?"

"ನೈಲಾನ್ ಅಲ್ಲೋ ತಮ್ಮಾ. ಆಪರೇಷನ್ನದಾಗ ಹೊಟ್ಟಿ ಹೊಲೀತಾರಲಾ, ಆ ದಾರ. ಕುರಿ ಕರುಳಿಂದು. ತಾರೀಖ ಮುಗಿದದ್ದು ಡಾಕ್ಟರು ನನಗ ಕೊಡ್ತಾರ."

ಕೈ ಹಿಂದಕ್ಕೆಳೆದುಕೊಂಡೆ. "ಮತ್ತ ಈ ದಪ್ಪನ್ನವು ಮೂರು?"

"ಅವು ರೇಶಿಮಿ. ಮ್ಯಾಲ ತಾಮ್ರದ ತಂತಿ ಸುತ್ತಿಸೇನಿ."

"ನಾವು ಜೈನರ್ರಿ ಸಿಸ್ಟರ್."

ಅವರು ಆರೂ ತಂತಿಗಳನ್ನು ಒಂದು ಸಲ ನೋಡಿದರು. "ಹಂಗಾದ್ರ ನಿನಗ ಒಂದೂ ಉಳಿಯೂದಿಲ್ಲ. ಮನಿಗೆ ಹೋಗಿ ಜಳಕಾ ಮಾಡು. ಈಗ ಹಿಡಿ."

ಹಿಡಿದೆ. ವಾರಕ್ಕೆರಡು ಸಂಜೆ ಮಿರಜಿನಿಂದ ಬಂದು ಸ್ನಾನ ಮಾಡುವ ಮಗನ ಬಗ್ಗೆ ಅವ್ವನಿಗೆ ಬೇರೆಯೇ ಅನುಮಾನ ಬಂದಿತ್ತು.

ಪಾಠದ ಹೊತ್ತಿಗೆ ಸಿಸ್ಟರ್ ಬಾತ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು ಕೂರುತ್ತಿದ್ದರು. ತಪ್ಪು ನುಡಿಸಿದರೆ ಬೈಯುತ್ತಿರಲಿಲ್ಲ. "ಹ್ಞೂಂ, ಮುಂದ" ಅಷ್ಟೆ. ಮನೆಯ ಎದುರಿಗೆ ಅಂಗಡಿಗಳ ಕಾಂಪ್ಲೆಕ್ಸ್ ಏಳುತ್ತಿತ್ತು. ಮರಳಿನ ಲಾರಿ ಬಂದಾಗಲೆಲ್ಲ ಅವರು ಸ್ವರದ ನಡುವೆಯೇ ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದರು. ಆ ವಾದ್ಯದ ದನಿಯೇ ಅಷ್ಟು. ಕೇಳಿಸುವುದಿಲ್ಲ ಎಂದರೆ, "ಇದು ಸನೇಕ ಬಂದವರಿಗೆ, ತಮ್ಮಾ. ದೂರದವರಿಗೆ ಲೌಡ್‌ಸ್ಪೀಕರ್ ಅದಾವಲಾ" ಎನ್ನುತ್ತಿದ್ದರು.

ಅಂಥವರಿಗೆ ಒಂದು ಕರೆ ಬಂತು. ಊರಿನ ಸಂಗೀತ ಮಂಡಳಿಯೊಂದು ಬಹಳ ಯೋಚಿಸಿ, ಭಾನುವಾರ ಬೆಳಗಿನ ಕಾರ್ಯಕ್ರಮದಲ್ಲಿ ಅವರಿಗೆ ಅರ್ಧ ಗಂಟೆ ಕೊಟ್ಟಿತು. ಅಷ್ಟು ವರ್ಷಗಳಲ್ಲಿ ನೆರೆಮನೆಯವರು ಮತ್ತು ನನ್ನ ಹೊರತು ಅವರನ್ನು ಯಾರೂ ಕೇಳಿರಲಿಲ್ಲ. "ಒಂದ ಸಲ ನಾಕ ಮಂದಿ ಕೂತು ಕೇಳಿದ್ರ ಸಾಕು. ಬೆರಳು ಇನ್ನೂ ಬಗ್ಗತಾವ. ಮುಂದಿನ ವರ್ಷದ್ದು ಹೇಳಾಕ ಬರೂದಿಲ್ಲ" ಎಂದರು. ಮರುದಿನದಿಂದ ದಿನಕ್ಕೆ ಮೂರು ತಾಸು ಅಭ್ಯಾಸಕ್ಕೆ ಕೂತರು.

ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಅವರ ಮನೆಯ ಮುಂದಿನ ಗೋಡೆ ಕೆಡವಿದರು. ಧೂಳಿಗೆ ಅಂಜಿ ಗಿಟಾರನ್ನು ನನ್ನ ಕೈಗೆ ಕೊಟ್ಟು, ಒಂದು ವಾರ ವಿಜಾಪುರಕ್ಕೆ ತಂಗಿಯ ಮನೆಗೆ ಹೋದರು.

ಚಿಂತೆ ಮಾಡಲು ನನಗೆ ಒಂದು ವಾರ ಧಾರಾಳ. ಕಾರ್ಯಕ್ರಮದ ಸಭಾಂಗಣ ರಸ್ತೆಗೇ ಹೊಂದಿಕೊಂಡಿದೆ. ಮೈಕು ಇಡಲು ಸಿಸ್ಟರ್ ಒಪ್ಪುವವರಲ್ಲ, ಮೂರನೆಯ ಸಾಲಿಗೂ ದನಿ ಮುಟ್ಟುವುದಿಲ್ಲ. ಮಂದಿ ನಗುತ್ತಾರೆ, ಶಿಷ್ಯ ಯಾರು ಎಂದು ತಿರುಗಿ ನನ್ನನ್ನೂ ನೋಡುತ್ತಾರೆ. ಕರುಳಿನ ತಂತಿ ತೊಲಗಿದರೆ ನನ್ನ ಸ್ನಾನವೂ ತಪ್ಪುತ್ತದೆ ಎಂಬುದೂ ಮನಸ್ಸಿನಲ್ಲಿತ್ತು, ಸುಳ್ಳೇಕೆ. ಮಿರಜಿನವರು ತಂತಿ ಇರುವ ಯಾವುದನ್ನೂ ಬೇರೆಡೆ ಒಯ್ಯುವುದಿಲ್ಲ. ನಾನೂ ಸಿತಾರು ಮಾಡುವವರ ಓಣಿಗೆ ಒಯ್ದೆ.

"ಆರಕ್ಕೂ ಸಿತಾರದ ಉಕ್ಕಿನ ತಂತಿ ಹಾಕಿ ಜೋರ ಬಿಗೀರಿ," ಎಂದೆ.

ಕಾರೀಗರ ಹಲಗೆಗೆ ಬೆರಳಿಂದ ತಟ್ಟಿ ನೋಡಿದ. "ಭಾಳ ತೆಳು ಐತ್ರಿ ಇದು. ಯಾರದು?"

"ನಂದ," ಎಂದೆ.

"ಹಂಗಾದ್ರ ನಿಮ್ಮ ಖುಷಿ."

ಬಿಗಿದು ಮೀಟಿದಾಗ ಇಡೀ ಅಂಗಡಿಗೆ ಕೇಳುವಂತೆ ಖಣಖಣ ಎಂದಿತು. ಮನೆಗೆ ತಂದಿಟ್ಟೆ. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಒಳಕೋಣೆಯಿಂದ ಸದ್ದು ಬಂತು. "ಒಳಗ ಹಪ್ಪಳ ಯಾರ ತಿನ್ನಾಕತ್ತಾರ?" ಎಂದಳು ಅವ್ವ. ಹೋಗಿ ನೋಡಿದರೆ ತಂತಿಗಳು ತಮ್ಮನ್ನು ಕಟ್ಟಿದ್ದ ಮರದ ಪಟ್ಟಿಯನ್ನು ಹಲಗೆಯ ಚೂರಿನ ಸಮೇತ ಕಿತ್ತೆಬ್ಬಿಸಿದ್ದವು.

ಸಿಸ್ಟರ್ ಬಂದ ದಿನ ಚಾದರದಲ್ಲಿ ಸುತ್ತಿ ಒಯ್ದೆ. ಅವರು ಬಿಚ್ಚಿ, ಸೀಳಿದ ಜಾಗದ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು.

"ಎಷ್ಟ ದಿನಾ ಆತು?"

"ಐದ್ರಿ."

"ತಂಗೀ ಮನ್ಯಾಗ ಫೋನ್ ಇತ್ತಲಾ."

"ಹೆದರಿದ್ನಿರಿ."

"ಪೇಶಂಟಿನ ಕಡೆಯವರು ಎಲ್ಲಾರೂ ಹಿಂಗ ಅಂತಾರ," ಎಂದು ಕುರ್ಚಿಗೆ ಒರಗಿದರು. ಗಿಟಾರಿಗೆ ಮತ್ತೆ ಚಾದರ ಹೊದಿಸಿ, "ಚಾ ಇಡು" ಎಂದರು.

ಅದೇ ಕಾರೀಗರ ಅಂಟಿಸಿ ಕೊಡುತ್ತೇನೆಂದ. ಆದರೆ ಎರಡು ತಿಂಗಳು ತಂತಿ ಬಿಗಿಯುವಂತಿರಲಿಲ್ಲ. ಕಾರ್ಯಕ್ರಮಕ್ಕೆ ಉಳಿದದ್ದು ಆರು ದಿನ. ಮಂಡಳಿಯ ಕಾರ್ಯದರ್ಶಿಯಾಗಿದ್ದ ಜವಳಿ ವ್ಯಾಪಾರಿ ಆಮಂತ್ರಣ ಪತ್ರಿಕೆ ಹಿಡಿದು ಬಂದಾಗ ನಾನು ಅಲ್ಲೇ ಇದ್ದೆ. ಸಿಸ್ಟರ್ ನನ್ನ ಕಡೆ ನೋಡಲಿಲ್ಲ.

"ನನಗ ಆಗೂದಿಲ್ರಿ. ಬೆರಳು ಬಗ್ಗವಲ್ವು."

"ಈಗ ಬಂತೇನ್ರಿ ನೋವು? ಅಂಜಿಕಿ ಏನು?" ಎಂದು ಅವರು ನಕ್ಕರು.

"ಹಂಗ ತಿಳ್ಕೋರಿ."

ಆ ಅರ್ಧ ಗಂಟೆ ಬೇರೆ ಯಾರಿಗೋ ಹೋಯಿತು. ಗಿಟಾರು ಗುಣವಾಯಿತು, ಮತ್ತೆ ಕರುಳಿನ ತಂತಿ ಹಾಕಿ, ಮೊದಲಿಗಿಂತ ಕೆಳಗಿನ ಶ್ರುತಿಯಲ್ಲಿ ನುಡಿಸಿದರು. ಮಂಡಳಿ ಮತ್ತೆ ಕರೆಯಲಿಲ್ಲ. ಮೂರು ವರ್ಷಕ್ಕೆ ಬೆರಳುಗಳು ನಿಜವಾಗಿಯೂ ಬಗ್ಗದಾದವು. ಆಮೇಲೆ ನಾನು ನುಡಿಸುವುದು, ಅವರು ಕಣ್ಣು ಮುಚ್ಚಿ ಕೇಳುವುದು. ನನಗೆ ಇವತ್ತಿಗೂ ಬರುವುದು ಹನ್ನೊಂದು ರಚನೆಗಳು, ಎಲ್ಲವೂ ನಿಧಾನದವು. ನಡೆದದ್ದರ ಬಗ್ಗೆ ಅವರು ಒಂದು ದಿನವೂ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಅವರು ತೀರಿಕೊಂಡಾಗ ಚರ್ಚಿನ ಸಭಾಂಗಣದಲ್ಲಿ ಮಂದಿ ಸೇರಿದ್ದರು. ಮುದುಕರಾಗಿದ್ದ ಕಾರ್ಯದರ್ಶಿ ಪ್ರೀತಿಯಿಂದಲೇ ಮಾತಾಡಿದರು: "ಒಂದ ಸಲ ನಾವು ಅವರಿಗೆ ವೇದಿಕೆ ಕೊಟ್ಟಿದ್ವಿ. ಪಾಪ, ಸಿಸ್ಟರ್ ಹೆದರಿಬಿಟ್ರು. ಮಂದಿ ಮುಂದ ಕೂಡೂದು ಎಲ್ಲಾರಿಗೂ ಆಗೂದಲ್ಲ." ಕೂತವರು ಮರುಗಿ ತಲೆದೂಗಿದರು. ಇನ್ನು ಯಾರಾದರೂ ಎರಡು ಮಾತು ಆಡುವುದಿದೆಯೇ ಎಂದು ಕೇಳಲಾಯಿತು. ಪೇಟೆಯಲ್ಲಿ ಹೆಸರಿರುವ, ಬಿಪಿ ಗುಳಿಗೆ ನುಂಗುವ, ಮಗಳ ಮದುವೆ ಗೊತ್ತಾಗಿರುವ ನಾನು ತಲೆಯ ಮೇಲೆ ತಿರುಗುತ್ತಿದ್ದ ಪಂಖಾವನ್ನು ನೋಡುತ್ತ ಕೂತೆ.

ಆ ಸಭೆಗೆ ಬಂದವರು ಯಾರಾದರೂ ಇದನ್ನು ಓದಿದರೆ ತಿಳಿದಿರಲಿ. ಸಿಸ್ಟರ್ ಹೆದರಿರಲಿಲ್ಲ. ಆಗ ಅವರ ಬೆರಳುಗಳಿಗೆ ಏನೂ ಆಗಿರಲಿಲ್ಲ. ಗಿಟಾರನ್ನು ಒಡೆದವನು ನಾನು.