ಕಪ್ಪು ಚಿಟ್ಟೆ ಯಾರನ್ನು ಹುಡುಕಿ ಬಂದಿತ್ತು?

“ಹೊಡೀಬೇಡಿ ಸಿಸ್ಟರ್!” ಎಂದು ಕಾಲು ಮುರಿದು ಮಲಗಿದ್ದ ಫಿಲಿಪೈನ್ಸ್‌ನ ನಾವಿಕ ಇಂಗ್ಲಿಷಿನಲ್ಲಿ ಕೂಗಿಕೊಂಡ. ವಾರ್ಡಿಗೆ ನುಗ್ಗಿದ್ದ ಅಂಗೈ ಅಗಲದ ಕಪ್ಪು ಚಿಟ್ಟೆಯನ್ನು ಓಡಿಸಲು ನಾನು ಟವೆಲ್ ಎತ್ತಿದ್ದೆ. ಎಂಬತ್ತರ ದಶಕದಲ್ಲಿ ನಾನು ವಿಶಾಖಪಟ್ಟಣದ ಬಂದರಿನ ಬಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ.

“ನಮ್ಮ ಕಡೆ ಮನೆಯವರು ಯಾರಾದರೂ ತೀರಿಕೊಂಡರೆ, ಹೀಗೆ ಚಿಟ್ಟೆಯಾಗಿ ಹೇಳಿಹೋಗಲು ಬರುತ್ತಾರೆ” ಎಂದ. ಊರಿನಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದರು. ಗದಗಿನಲ್ಲಿ ನನ್ನ ಅವ್ವನೂ ಹಾಗೇ ಮಲಗಿದ್ದಳು. ಗೋಡೆಯ ಮೇಲೆ ಕೂತಿದ್ದ ಚಿಟ್ಟೆಯನ್ನು ಇಬ್ಬರೂ ನೋಡಿದೆವು. ಸ್ವಲ್ಪ ಹೊತ್ತಿಗೆ ಅದು ಕಿಟಕಿಯಿಂದ ಹಾರಿಹೋಯಿತು.

ಸಂಜೆ ಅಣ್ಣನ ಟ್ರಂಕ್ ಕಾಲ್ ಬಂತು. “ಅವ್ವ ಹ್ವಾದ್ಲು ತಂಗೀ, ಲಗೂ ಬಾ.”

ಬ್ಯಾಗ್ ತೆಗೆದುಕೊಳ್ಳಲು ವಾರ್ಡಿಗೆ ಹೋದೆ. ಆಯಾ ಅಷ್ಟರಲ್ಲಿ ಕೈಸನ್ನೆಯಲ್ಲೇ ಅವನಿಗೆ ಸುದ್ದಿ ತಿಳಿಸಿದ್ದಳು. ಅವನು ನನ್ನ ಕೈ ಹಿಡಿದು ಬಿಕ್ಕಿದ. “ಕ್ಷಮಿಸಿ ಸಿಸ್ಟರ್. ಬಂದಿದ್ದು ನನ್ನ ತಾಯಿ ಆಗಿರದಿರಲಿ ಅಂತ ಬೇಡಿಕೊಂಡಿದ್ದೆ.”

ನಾನೂ ನನ್ನ ಅವ್ವನಿಗಾಗಿ ಹಾಗೇ ಬೇಡಿಕೊಂಡಿದ್ದೆ ಎಂದಿದ್ದರೆ ಅವನ ಮನಸ್ಸು ಹಗುರವಾಗುತ್ತಿತ್ತೇನೋ. ಆದರೆ ಅಳುತ್ತಲೇ ಬ್ಯಾಗ್ ಎತ್ತಿಕೊಂಡು ಹೊರಟುಬಿಟ್ಟೆ. ಕಾರ್ಯ ಮುಗಿಸಿ ಹಿಂದಿರುಗುವಷ್ಟರಲ್ಲಿ ಅವನ ಮಂಚದ ಮೇಲೆ ಬೇರೆ ರೋಗಿ ಮಲಗಿದ್ದ.